ಹದಿನೇಳನೇ ನಂಬರಿನ ಕಾಕಾ

ನಮ್ಮ ಕಾಕಾನನ್ನು ಒಮ್ಮೆ ಕರೆದು ನೋಡಿ. ತಿರುಗಿ ನೋಡಿದರೆ ನಾನು ಬರೆಯುವುದನ್ನೇ ಬಿಟ್ಟುಬಿಡುತ್ತೇನೆ.

ಕಿವಿ ಮಂದವೇ? ಇಲ್ಲವೇ ಇಲ್ಲ. ಹಿಂದಿನ ಓಣಿಯ ಮನೆಯಲ್ಲಿ ಮಿಕ್ಸರ್ ತುಸು ಬೇರೆ ದನಿ ತೆಗೆದರೂ ಕುಳಿತಲ್ಲೇ ಗುರುತಿಸಿ, "ಅದರ ಬುಷ್ ಸವದೈತಿ" ಎನ್ನುವ ಕಿವಿ ಅದು. ಸೊಕ್ಕೇ? ಅದೂ ಅಲ್ಲ. ನೀವು ಕರೆದದ್ದು ಅವರಿಗೆ ಕೇಳಿಸಿರುತ್ತದೆ, ಆದರೆ ಅವರು ಅದನ್ನು ಸ್ವೀಕರಿಸಿರುವುದಿಲ್ಲ, ಅಷ್ಟೆ. ಕೇಳಿಸುವುದಕ್ಕೂ ಸ್ವೀಕರಿಸುವುದಕ್ಕೂ ನಡುವಿನ ಆ ಗೇಣಗಲದ ಜಾಗದಲ್ಲಿ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ ಎಂದರೆ ನೀವು ನಗುತ್ತೀರಿ. ನಗಿ. ನಾನೂ ಮೊದಲು ನಗುತ್ತಿದ್ದವಳೇ. ಈಗ ಫ್ಯಾನಿನ ಕೆಳಗೆ ಕೂಡುವ ಮೊದಲು ಮೇಲೆ ನೋಡುತ್ತೇನೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿರುವಾಗ ನಡುವೆಯೇ ತಲೆ ಎತ್ತಿ ಚಾವಣಿ ಪರೀಕ್ಷಿಸುತ್ತೇನೆ. ನನ್ನನ್ನು ನೋಡಿ ವಿದ್ಯಾರ್ಥಿಗಳೂ ಮೇಲೆ ನೋಡತೊಡಗಿದ್ದಾರೆ. ಬೇಡಿಕೆ, ಪೂರೈಕೆ ಎಲ್ಲವನ್ನೂ ನಾವು ಈಗ ಚಾವಣಿಯತ್ತ ಮುಖ ಮಾಡಿಯೇ ಕಲಿಯುವುದು.

ಕಾಕಾ ಇದನ್ನು ಓದಿಯಾರು ಎಂಬ ಹೆದರಿಕೆ ನನಗಿಲ್ಲ. ಸರ್ಕ್ಯೂಟಿನ ಚಿತ್ರವಿಲ್ಲದ ಪುಟವನ್ನು ಅವರು ಹಾಳೆ ಎಂದೇ ಒಪ್ಪುವುದಿಲ್ಲ.

ನಿವೃತ್ತಿಯಾದ ಮೇಲೆ ಜನ ಗುಲಾಬಿ ಬೆಳೆಸುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ನಮ್ಮ ಕಾಕಾ ಹುಬ್ಬಳ್ಳಿ ಧಾರವಾಡದ ನಡುವಿನ ರಾಯಾಪುರದ ತಮ್ಮ ಮನೆಯ ಪಡಸಾಲೆಯಲ್ಲಿ ರಿಮೋಟಿನ ರಿಸೀವರ್ ಮಾಡುವ ಉದ್ಯೋಗ ಹೂಡಿದರು. ಗೇಟು, ಅಂಗಡಿಯ ಶಟರ್, ಬಾವಿಯ ಮೋಟರು ಇವೆಲ್ಲ ದೂರದಿಂದ ಗುಂಡಿ ಒತ್ತಿದರೆ ಕೆಲಸ ಮಾಡಬೇಕಲ್ಲ? ಅದಕ್ಕೆ ಗಾಳಿಯಲ್ಲಿ ಬರುವ ಸುದ್ದಿ ಹಿಡಿಯಲು ಒಂದು ಪುಟ್ಟ ಡಬ್ಬಿ ಬೇಕು. ಆ ಡಬ್ಬಿಗೆ ಬರುವ ಸುದ್ದಿ ಯಾವ ರೂಪದಲ್ಲಿರಬೇಕು, ಮೊದಲು ಏನು, ಆಮೇಲೆ ಏನು, ಯಾವ ಭಾಗ ಎಷ್ಟು ಉದ್ದ ಎಂಬುದನ್ನು ನಿರ್ಧರಿಸುವುದರಲ್ಲೇ ಅವರ ದಿನ ಕಳೆಯುತ್ತಿತ್ತು. ಚಹಾ ಆರುತ್ತಿತ್ತು, ಅವರ ಹೆಂಡತಿ, ನಮ್ಮ ಕಾಕು, ಅದನ್ನು ಕಾಸುತ್ತಿದ್ದರು, ಮತ್ತೆ ಆರುತ್ತಿತ್ತು.

"ಗಾಳ್ಯಾಗ ಎಲ್ಲಾರೂ ಒದರಾಕತ್ತಾರ ಮಗಳ," ಎಂದು ಒಮ್ಮೆ ನನಗೆ ವಿವರಿಸಿದರು. "ಕಾರಿನ ಕೀಲಿ ಒದರತೈತಿ, ಬಾಗಲಾ ಗಂಟಿ ಒದರತೈತಿ, ಹುಡುಗರ ಆಟಗಿ ಕಾರೂ ಒದರತೈತಿ. ಸಂತ್ಯಾಗ ನಿಂತಂಗ. ಅದರಾಗ ಇದು ನನಗ ಹೇಳಿದ್ದು ಅಂತ ಡಬ್ಬಿಗೆ ಹೆಂಗ ತಿಳೀಬೇಕು?"

"ಹೆಂಗ್ರಿ ಕಾಕಾ?"

"ಪ್ಯಾಕೆಟ್. ಎಲ್ಲಾ ಒಂದ ಗಂಟಿನಾಗ ಕಟ್ಟಿ ಕಳಸಬೇಕು. ಮೊದಲ ಕೆಮ್ಮು, ಆಮ್ಯಾಲೆ ಹೆಸರು, ಆಮ್ಯಾಲೆ ಕೆಲಸ, ಕಡೀಕ ಖಾತ್ರಿ."

ಕೆಮ್ಮು ಎಂದರೆ, ಹಿರಿಯರ ಮನೆಗೆ ಹೋದಾಗ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತೇವಲ್ಲ, ಹಾಗೆ. ಮಲಗಿದ್ದ ಡಬ್ಬಿ ಎಚ್ಚರಾಗಲಿ ಎಂದು. ಹೆಸರು ಎಂದರೆ ಯಾವ ಡಬ್ಬಿಗೆ ಹೇಳುತ್ತಿದ್ದೇವೆ ಎಂಬ ವಿಳಾಸ. ಕೆಲಸ ಎಂದರೆ ತೆಗೆ, ಹಾಕು, ನಿಲ್ಲು. ಖಾತ್ರಿ ಎಂದರೆ ಹಿಂದಿನದನ್ನೆಲ್ಲ ಕೂಡಿಸಿದ ಒಂದು ಲೆಕ್ಕ. ದಾರಿಯಲ್ಲಿ ಎಲ್ಲಾದರೂ ಒಂದಂಶ ಕೆಟ್ಟಿದ್ದರೆ ಆ ಲೆಕ್ಕ ಕೂಡುವುದಿಲ್ಲ, ಡಬ್ಬಿ ಬಂದ ಮಾತನ್ನು ಅಲ್ಲೇ ಬಿಸುಟು ಏನೂ ಆಗಿಲ್ಲವೆಂಬಂತೆ ಇದ್ದುಬಿಡುತ್ತದೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಡಬ್ಬಿಗಳಿಗೆ ಒಪ್ಪುವ ಶಿಸ್ತು ಮನುಷ್ಯರಿಗೇಕೆ ಬೇಡ ಎಂದು ಕಾಕಾಗೆ ಅನಿಸಿಬಿಟ್ಟಿತು ನೋಡಿ, ನಮ್ಮ ಗ್ರಹಚಾರ ಶುರುವಾದದ್ದೇ ಅಲ್ಲಿ!

"ಕಾಕಾ ಅಂದ್ರ ಯಾವ ಕಾಕಾ?" ಎಂದರು. "ಈ ಮನೆತನದಾಗ ಮೂರು ಮಂದಿ ಕಾಕಾ ಇದ್ದೇವಿ. ಅದು ವಿಳಾಸ ಅಲ್ಲ." ಸರಿ, ಹೆಸರು ಹಿಡಿದು ಕರೆಯೋಣವೆಂದರೆ ಹಿರಿಯರನ್ನು ಹೆಸರು ಹಿಡಿದು ಕರೆಯುವ ನಾಲಿಗೆ ನಮ್ಮಲ್ಲಿ ಯಾರಿಗಿದೆ? ಅದಕ್ಕೂ ಅವರೇ ಪರಿಹಾರ ಹುಡುಕಿದರು. ತಮಗೆ ಹದಿನೇಳು ಎಂಬ ನಂಬರು ಕೊಟ್ಟುಕೊಂಡರು. ಕೊನೆಯ ಖಾತ್ರಿಗೆ, ಎಷ್ಟು ಶಬ್ದ ಆಡಿದೆವೋ ಆ ಸಂಖ್ಯೆ ಹೇಳಬೇಕು. ಹೀಗಾಗಿ ಮಧ್ಯಾಹ್ನ ಅವರನ್ನು ಊಟಕ್ಕೆ ಎಬ್ಬಿಸಬೇಕಾದರೆ ಬಾಗಿಲಲ್ಲಿ ನಿಂತು ಕೆಮ್ಮಿ, "ಹದಿನೇಳು, ಊಟಕ್ಕ ಬರ್ರಿ, ಮೂರು" ಎನ್ನಬೇಕು. ಆಗ ಥಟ್ಟನೆ ಎದ್ದು ಬರುತ್ತಾರೆ. ಬಾಯಿತಪ್ಪಿ "ನಾಕು" ಎಂದಿರೋ, ಅವರ ಪಾಲಿಗೆ ನೀವು ಹುಟ್ಟಿಯೇ ಇಲ್ಲ.

ಒಮ್ಮೆ ಧಾರವಾಡದಲ್ಲಿ ನೆಂಟರ ಮದುವೆ. ನಾನು, ಕಾಕಾ ಒಂದೇ ಪಂಕ್ತಿಯಲ್ಲಿ ಕುಳಿತಿದ್ದೆವು. ಹೋಳಿಗೆಯ ಬುಟ್ಟಿ ಹಿಡಿದವನು ಅವರೆದುರು ಬಂದು, "ಹಾಕ್ಲೇನ್ರಿ?" ಎಂದ. ಕಾಕಾ ಎದುರಿನ ಗೋಡೆ ನೋಡುತ್ತ ಕುಳಿತರು. ಅವನು ಮುಂದೆ ಹೋದ. ತುಪ್ಪದವನು ಬಂದ, ಹೋದ. ಅನ್ನದವನು ಬಂದ, ಹೋದ. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕನಿಕರದಿಂದ ಕೇಳಿದರು:

"ಅವರಿಗೆ ಇವತ್ತ ಉಪವಾಸೇನವಾ?"

"ಇಲ್ರಿ ಅಜ್ಜಿ. ವಿಳಾಸ ಇಲ್ರಿ."

ಅಜ್ಜಿ ನನ್ನ ಎಲೆಯಿಂದ ತಮ್ಮ ಎಲೆಯನ್ನು ತುಸು ದೂರ ಸರಿಸಿಕೊಂಡರು.

ಹಾಗೆಂದು ಕಾಕಾನ ಹಟದಿಂದ ಯಾರಿಗೂ ಉಪಯೋಗವಾಗಲಿಲ್ಲ ಎನ್ನಲಾರೆ. ಅವರ ಬಡಾವಣೆಯಲ್ಲಿ ಒಬ್ಬರನ್ನು ನೋಡಿ ಒಬ್ಬರು ಒಂದೇ ಅಂಗಡಿಯಿಂದ ಅಗ್ಗದ ರಿಮೋಟ್ ಗೇಟು ತಂದು ಹಾಕಿಸಿಕೊಂಡಿದ್ದರು. ಎಲ್ಲ ರಿಮೋಟುಗಳೂ ಕಾರ್ಖಾನೆಯಿಂದ ಬಂದ ಒಂದೇ ವಿಳಾಸದಲ್ಲಿದ್ದವು. ಬೆಳಿಗ್ಗೆ ಒಬ್ಬರು ಆಫೀಸಿಗೆ ಹೊರಟು ಗುಂಡಿ ಒತ್ತಿದರೆ ಸಾಲಿನ ಗೇಟುಗಳೆಲ್ಲ ಬಾಗಿಲು ತೆಗೆದು, "ಹೋಗಿ ಬರ್ರಿ" ಎಂಬಂತೆ ನಿಲ್ಲುತ್ತಿದ್ದವು. ಹಸುಗಳಿಗಂತೂ ಹಬ್ಬ. ಕಾಕಾ ಮನೆಮನೆಗೆ ಹೋಗಿ ಪ್ರತಿ ಗೇಟಿಗೂ ಬೇರೆ ಬೇರೆ ವಿಳಾಸ ಕೊಟ್ಟು ಬಂದರು. ಅದನ್ನೂ ಸುಮ್ಮನೆ ಕೊಡಲಿಲ್ಲ. ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರುತ್ತಾಳಲ್ಲ, ಹಾಗೆ ಯಜಮಾನರ ಕಿವಿಯಲ್ಲಿ ಮಾತ್ರ ಆ ಅಂಕಿ ಉಸುರಿದರು. ಆಗ ನೆರೆದ ಹೆಂಗಸರಿಂದ ಸೋದರತ್ತೆಯ ಬೆನ್ನಿಗೆ ಬೀಳುವ ಗುದ್ದು ಇವರಿಗೆ ಬೀಳಲಿಲ್ಲ ಎಂಬುದೇ ಕಾಕುವಿನ ಕೊರಗು. "ನನ್ನ ಕರದಿದ್ರ ನಾ ಗುದ್ದತಿದ್ದೆ" ಎಂದರು.

ಕಾಕುವಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈ ಹದಿನೇಳನ್ನು ಒಪ್ಪದ ಏಕೈಕ ವ್ಯಕ್ತಿ ಅವರೇ.

"ಗಂಡಗ ನಂಬರ್ ಹಚ್ಚಿ ಕರೀಲಿಕ್ಕೆ ನಾ ಏನ್ ಜೇಲಿನಾಗ ಕೆಲಸಕ್ಕದೇನೇನು?" ಎಂದು ಲಟ್ಟಣಿಗೆ ಕೆಳಗಿಟ್ಟು ಕೇಳಿದರು.

"ಹಂಗಾರ ಹೆಸರು ಹೇಳು."

"ಸತ್ರೂ ಹೇಳಂಗಿಲ್ಲ."

"ಬರೇ 'ರೀ' ಅಂದ್ರ ಯಾರಿಗೆ ಅಂತ ತಿಳೀಬೇಕು? ನೀ ರೀ ಅಂದ್ರ ಓಣ್ಯಾಗಿನ ಗಂಡಸ್ರೆಲ್ಲಾ ತಿರುಗಿ ನೋಡ್ತಾರ."

"ನೋಡ್ಲಿ. ಬರಾವರು ನೀವೊಬ್ರ ಅಲ್ಲಾ?"

ಕಡೆಗೆ ಕಾಕಾ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ವಿನಾಯಿತಿ ಕೊಟ್ಟರು. ವಿಳಾಸವಿಲ್ಲದಿದ್ದರೂ ಕಾಕುವಿನ ಮಾತು ಸ್ವೀಕೃತ. ವಿನಾಯಿತಿ ಬಾಯಿಮಾತಿಗೆ ನಿಲ್ಲಲಿಲ್ಲ. ಮನೆಯ ಗೇಟಿಗೆಂದು ಕಾಕುವಿಗೆ ಮಾಡಿಕೊಟ್ಟ ರಿಮೋಟಿನಲ್ಲಿ ವಿಳಾಸದ ಜಾಗವನ್ನು ಖಾಲಿ ಬಿಟ್ಟರು. ಖಾಲಿ ವಿಳಾಸ ಬಂದರೆ ತಮಗೇ ಹೇಳಿದ ಮಾತು ಎಂದು ತಿಳಿದು ಕೇಳಬೇಕು ಎಂದು ಮನೆಯ ಡಬ್ಬಿಗಳಿಗೆ ಕಲಿಸಿದರು. ಗೇಟಿನೊಂದಿಗೆ ಬಾವಿಯ ಮೋಟರೂ ಚಾಲೂ ಆಗುತ್ತಿತ್ತು. "ಮನಿಯಾಕಿ ಮಾತು ಮನ್ಯಾಗ ಎಲ್ಲಾರೂ ಕೇಳಬೇಕು" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ಈಗ ಚಾವಣಿ ನೋಡುತ್ತೇನೆ.

ಯಾಕೆಂದರೆ ಆಮೇಲೆ ಹಳೇ ಹುಬ್ಬಳ್ಳಿಯ ಮೆಣಸಿನಕಾಯಿ ಸಾವ್ಕಾರರೊಬ್ಬರು ಕಾಕಾನನ್ನು ಹುಡುಕಿಕೊಂಡು ಬಂದರು. ಅವರ ಅಂಗಡಿ ಇಕ್ಕಟ್ಟಾದ ಓಣಿಯಲ್ಲಿದೆ, ಕೆಳಗೆ ವ್ಯಾಪಾರ, ಮೇಲೆ ಅಟ್ಟದಲ್ಲಿ ದಾಸ್ತಾನು. ಅಟ್ಟದ ನೆಲದಲ್ಲಿ ಒಂದು ದೊಡ್ಡ ಕಿಂಡಿ. ಮೋಟರು ಹಚ್ಚಿದ ರಾಟೆಯೊಂದು ಆ ಕಿಂಡಿಯ ಮೂಲಕ ಚೀಲಗಳನ್ನು ಮೇಲೆತ್ತುತ್ತದೆ. ಅದಕ್ಕೆ ರಿಮೋಟ್ ಬೇಕೆಂದರು. ಕಾಕಾ ಮನೆಯ ಡಬ್ಬಿಯಲ್ಲಿದ್ದ ಬರವಣಿಗೆಯನ್ನೇ, ಅಂದರೆ ಪ್ರೋಗ್ರಾಮನ್ನೇ, ಹೊಸ ಡಬ್ಬಿಗೆ ಇಳಿಸಿ, ಹೊಸ ವಿಳಾಸ ಕೊಟ್ಟು, ಖಾತ್ರಿಯ ಲೆಕ್ಕವನ್ನು ಮತ್ತಷ್ಟು ಬಿಗಿ ಮಾಡಿದರು. ಕಾಕುವಿನ ವಿನಾಯಿತಿ ಮಾತ್ರ, ಕರೆಯದೆ ದಿಬ್ಬಣದ ಹಿಂದೆ ನಡೆದುಬಂದ ನೆಂಟನಂತೆ, ಆ ಡಬ್ಬಿಯೊಳಗೆ ಸುಮ್ಮನೆ ಕೂತುಬಿಟ್ಟಿತ್ತು. ಕಾಕಾಗೆ ಅದು ನೆನಪಾಗಲಿಲ್ಲ.

ಡಬ್ಬಿ ಹಚ್ಚುವ ದಿನ ಕಾಕುವೂ ಹೊರಟರು, ವರ್ಷದ ಖಾರಕ್ಕೆ ಮೆಣಸಿನಕಾಯಿ ಅಲ್ಲೇ ಆರಿಸಿ ತಂದರಾಯಿತು ಎಂದು. ನನಗೂ ರಜೆಯಿತ್ತು, ಹೋದೆ. ಹೋಗದಿದ್ದರೆ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಕಾಕಾನ ಕೆಲಸದಲ್ಲಿ ಒಂದು ಪದ್ಧತಿಯಿದೆ. ತಾವು ಮಾಡಿದ ಯಂತ್ರದ ಪರೀಕ್ಷೆಗೆ ತಾವೇ ಅದರ ಕೆಳಗೆ ನಿಲ್ಲುವುದು. ಶಟರ್ ಆದರೆ ಶಟರಿನ ಕೆಳಗೆ, ಗೇಟಾದರೆ ಗೇಟಿನ ದಾರಿಯಲ್ಲಿ. ಮೆಣಸಿನಕಾಯಿಯ ಬಿಗಿ ತುಂಬಿದ ಚೀಲಗಳನ್ನು ಹಗ್ಗದ ಜೋಲಿಯಲ್ಲಿ ಕಟ್ಟಿ, ಕಿಂಡಿಯ ಎತ್ತರಕ್ಕೆ ಎತ್ತಿಸಿ, ರಾಟೆ ನಿಲ್ಲಿಸಿದರು. ಸರಿಯಾಗಿ ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಇದೇನ್ರಿ, ಅಲ್ಲಿ ಕುಂತ್ರಿ?" ಸಾವ್ಕಾರರು ಗಾಬರಿಯಾಗಿ ಕೇಳಿದರು.

"ನಿಮ್ಮ ಓಣ್ಯಾಗ ಯಾರ್ಯಾರ ಕಡೆ ರಿಮೋಟ್ ಐತಿ, ತರಾಕ ಹೇಳ್ರಿ. ಎಲ್ಲಾರೂ ಒತ್ತಲಿ. ನನ್ನ ಡಬ್ಬಿ ಮಂದಿ ಮಾತು ಕೇಳಂಗಿಲ್ಲ."

ಓಣಿಗೆ ಓಣಿಯೇ ಬಂತು. ಒಬ್ಬರು ಕಾರಿನ ಕೀಲಿ ತಂದರು, ಒಬ್ಬರು ಬಾಗಿಲ ಗಂಟೆಯ ಗುಂಡಿ, ಪಕ್ಕದ ಅಂಗಡಿಯವರು ಶಟರಿನ ರಿಮೋಟು. ಬಳೆ ಅಂಗಡಿಯ ಮುದುಕರು ಟೀವಿಯ ರಿಮೋಟನ್ನೇ ತಂದು, "ಇದು ನಡೀತೈತೇನ್ರಿ?" ಎಂದರು. ನಡೆಯುವುದಿಲ್ಲ ಎಂದರೂ ಒತ್ತಿ ಸಮಾಧಾನಪಟ್ಟರು. ಎಲ್ಲರೂ ಕಾಕಾನತ್ತ ಗುರಿಯಿಟ್ಟು ಒತ್ತಿದರು. ಚೀಲಗಳು ಕದಲಲಿಲ್ಲ.

ಗೆದ್ದಾಯಿತು. ಚಹಾ ಬಂತು. ಏಳಬಾರದೇ? ಕಾಕಾ ಕುರ್ಚಿಯಲ್ಲೇ ಕಪ್ಪು ಕೈಗೆ ತೆಗೆದುಕೊಂಡರು. ಸಾವ್ಕಾರರ ಗುಮಾಸ್ತ ಮೂಲೆಯಲ್ಲಿ ನಿಂತು ಚೀಲ ಎಣಿಸುತ್ತಿದ್ದ. ಹೆಗಲ ಮೇಲೆ ಟವಲು ಹಾಕಿಕೊಂಡ ಹಿರಿಯ ಹಮಾಲ ಗೋಡೆಗೆ ಒರಗಿದ್ದ. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅಲ್ಲಿಂದ ಎಡಕ್ಕೆ ನೋಡಿದರೆ ಕಾಕಾ, ಬಲಕ್ಕೆ ನೋಡಿದರೆ ಹೊರಗಿನ ಕಟ್ಟೆಯ ಮೇಲೆ ಸಾವ್ಕಾರರ ತಾಯಿಯ ಜೊತೆ ಹರಟುತ್ತಿದ್ದ ಕಾಕು. ಕಾಕುವಿನ ಕೈಯಲ್ಲಿ ಮನೆಯ ಕೀಲಿಗೊಂಚಲಿತ್ತು, ಅದಕ್ಕೆ ಜೋತುಬಿದ್ದ ರಿಮೋಟನ್ನು ಎತ್ತಿ ಏನನ್ನೋ ತೋರಿಸುತ್ತಿದ್ದರು. ಅವರ ಹೆಬ್ಬೆರಳನ್ನು ನಾನು ನೋಡಿದೆ. ನೋಡಿದ್ದು ಕಣ್ಣು, ತಲೆಗೆ ತಿಳಿಯಲಿಲ್ಲ.

ಒಳಗೆ ರಾಟೆ ಗುರ್ರ್ ಎಂದಿತು. ಚೀಲಗಳು ತುಸು ಮೇಲೇರಿದವು, ಧಕ್ಕನೆ ಕೆಳಗಿಳಿದವು, ಮತ್ತೆ ಮೇಲೇರಿದವು. ಜೋಲಿ ತೂಗತೊಡಗಿತು. ಅಂಚಿನ ಒಂದು ಚೀಲ ಹಗ್ಗದಿಂದ ಅರ್ಧ ಹೊರಗೆ ಜಾರಿ ನಿಂತಿತು.

"ಕಾಕಾ," ಎಂದು ಕೂಗಿದೆ.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಕಾಕಾ ಎಂದರೆ ಏನಾಗುತ್ತದೆ ಹೇಳಿ? ಸಾವ್ಕಾರರು ತಿರುಗಿದರು. ಚಹಾದವರು ತಿರುಗಿದರು. ಟೀವಿ ರಿಮೋಟಿನ ಮುದುಕರು "ಏನವಾ?" ಎಂದರು. ತಿರುಗಬೇಕಾದವರು ಮಾತ್ರ ಚಹಾ ಊದುತ್ತ ಕುಳಿತಿದ್ದರು.

"ಹದಿನೇಳು," ಎಂದು ಚೀರಿದೆ.

"ಹದಿನೇಳಲ್ರಿ ಅಕ್ಕಾರ, ಒಟ್ಟ ಹನ್ನೆರಡ ಚೀಲ," ಎಂದು ಗುಮಾಸ್ತ ತಿದ್ದಿದ.

ಕಾಕಾ ಈ ಸಲ ತಲೆ ಎತ್ತಿ ನನ್ನತ್ತ ನೋಡಿದರು. ವಿಳಾಸ ತಲುಪಿತ್ತು. ಹುಬ್ಬು ಏರಿಸಿ, ಬಲು ಶಾಂತವಾಗಿ, ಉಳಿದ ಪ್ಯಾಕೆಟ್ಟಿಗಾಗಿ ಕಾದರು! ಕೆಲಸ ಏನು, ಖಾತ್ರಿ ಎಷ್ಟು? ಆ ಮುಖ ನನಗೆ ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ನನ್ನ ಬಾಯಲ್ಲಿ ಎದ್ದೇಳಿ ಎಂಬ ಒಂದು ಶಬ್ದವೂ ಹುಟ್ಟಲಿಲ್ಲ. ಎಷ್ಟು ಶಬ್ದ ಆಗುತ್ತದೆ ಎಂದು ನಾನು ಎಣಿಸುತ್ತಿದ್ದೆನೇ? ಇರಬಹುದು. ಮನುಷ್ಯನಿಗೆ ರೂಢಿ ಎಂಬುದು ಎಂಥ ಕೆಟ್ಟದ್ದು.

ಅಷ್ಟರಲ್ಲಿ ಗೋಡೆಗೆ ಒರಗಿದ್ದ ಹಮಾಲ ಎರಡೇ ಹೆಜ್ಜೆಗೆ ಬಂದು ಕಾಕಾನ ಸೊಂಟಕ್ಕೆ ಜಾಡಿಸಿ ಒದ್ದ. ಕೆಮ್ಮಿಲ್ಲ, ಹೆಸರಿಲ್ಲ, ಖಾತ್ರಿಯಿಲ್ಲ. ಆ ಒದೆತ ಮಾತ್ರ ನೇರವಾಗಿ ತಲುಪಿತು. ಕಾಕಾ ಚಹಾದೊಂದಿಗೆ ಗೋಡೆಯ ಬುಡಕ್ಕೆ ಉರುಳಿದರು, ಚೀಲ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಚಾಚಿ ನೆಲಕ್ಕೆ ಅಂಟಿತು. ಆ ಸದ್ದು ದೊಡ್ಡದೇನೂ ಆಗಿರಲಿಲ್ಲ. ಮಲಗುವ ಹಾಸಿಗೆಯನ್ನು ನೆಲಕ್ಕೆ ಬಿಸುಟರೆ ಬರುವಷ್ಟು, ಅಷ್ಟೇ. ಅದಕ್ಕೇ ನನಗೆ ಅದು ಎಲ್ಲೆಲ್ಲೂ ಕೇಳಿಸುವುದು.

ಯಾರೋ ಓಡಿ ಹೋಗಿ ಮೇನ್ ಆಫ್ ಮಾಡಿದರು. ಚೀಲ ಒಡೆದು ಘಾಟು ಎದ್ದಿತು. ಓಣಿಯೆಲ್ಲ ಕೆಮ್ಮಿತು, ಸೀನಿತು, ಕಣ್ಣೊರೆಸಿಕೊಂಡಿತು. ಯಾರು ಅಳುತ್ತಿದ್ದಾರೆ, ಯಾರಿಗೆ ಬರೀ ಖಾರ ಹತ್ತಿದೆ ಎಂದು ಹೇಳುವಂತಿರಲಿಲ್ಲ. ಹಮಾಲ ಕಾಕಾನನ್ನು ಎಬ್ಬಿಸಿ ಕೂರಿಸಿ, ಅವರ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಹಿರಿಯಾರಿಗೆ ಕಾಲು ಹಚ್ಚಿದೆ. ಮಾಫ್ ಮಾಡ್ರಿ ಸಾಹೇಬ್ರ."

"ಯಾರು ಹೇಳಿದ್ರು?" ಎಂದರು ಕಾಕಾ.

"ಯಾರೂ ಹೇಳಲಿಲ್ರಿ. ನಾನ ಒದ್ದೆ."

"ನಿನಗಲ್ಲೋ ಮಾರಾಯ. ರಾಟಿಗೆ. ರಾಟಿಗೆ ಯಾರು ಹೇಳಿದ್ರು?" ಸಾವಿನ ಬಾಯಿಂದ ಎದ್ದು ಬಂದವರ ಮೊದಲ ಚಿಂತೆ ಇದು! ಸೊಂಟ ಹಿಡಿದುಕೊಂಡೇ ಎದ್ದು ಒಬ್ಬೊಬ್ಬರ ಕೈ ನೋಡುತ್ತ ಹೊರಟರು. ಕಾರಿನ ಕೀಲಿಯವರು ಹೆದರಿ ಕೀಲಿಯನ್ನು ಜೇಬಿಗೆ ಇಳಿಸಿದರು.

ಕಾಕು ಒಳಗೆ ಓಡಿಬಂದದ್ದು ಆಗ. ಗಂಡನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಗಂಡನ ತೋಳು ಹಿಡಿದು ನಿಂತರು. ಅವರ ಹಿಂದೆಯೇ ನೀರಿನ ತಂಬಿಗೆ ಹಿಡಿದು ಬಂದ ಸಾವ್ಕಾರರ ತಾಯಿ ಕಾಕಾನ ಬಳಿ ಕೂತರು.

"ನೀರ ಕುಡೀರಿ. ಪಾಪ, ನಿಮ್ಮ ಮನಿಯಾಕಿ ಈಗರ ನಿಮ್ಮ ಸುದ್ದೀನ ಹೇಳಾಕತ್ತಿದ್ರು. ಹುಬ್ಬಳ್ಳಿ ಧಾರವಾಡದಾಗ ಇವರಂಗ ಮಾಡಾವ್ರು ಒಬ್ರೂ ಇಲ್ಲ ಅಂತಿದ್ರು. ಮ್ಯಾಲಿನ ಗುಂಡಿ ಒತ್ತಿದ್ರ ಗೇಟ್ ತಗೀತೈತಿ, ಕೆಳಗಿಂದು ಒತ್ತಿದ್ರ ಹಾಕ್ಕೋತೈತಿ ಅಂತ ಒತ್ತಿ ಒತ್ತಿ ತೋರಿಸಾಕತ್ತಿದ್ರು. ಅಷ್ಟರಾಗ ಹಿಂಗಾತು ನೋಡ್ರಿ."

ಕಾಕಾನ ತಂಬಿಗೆ ತುಟಿಯ ಬಳಿ ನಿಂತಿತು. ಅವರ ನೋಟ ಮೆಲ್ಲಗೆ ಕಾಕುವಿನ ಕೈಯ ಕೀಲಿಗೊಂಚಲಿಗೆ ಹೋಯಿತು, ಅಲ್ಲಿಂದ ರಾಟೆಯ ಡಬ್ಬಿಗೆ, ಅಲ್ಲಿಂದ ನನಗೆ. ಆಗ ನನಗೂ ತಿಳಿಯಿತು. ಈಗ ಇವರು ಹೇಳಿಬಿಡುತ್ತಾರೆ ಎಂದುಕೊಂಡೆ. ಸುದ್ದಿ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿತು ಎಂದು ಪತ್ತೆ ಹಚ್ಚದೆ ಊಟ ಮಾಡದ ಮನುಷ್ಯ. ಹೇಳಿದರೆ ಕಾಕು ಇನ್ನು ಬದುಕಿರುವಷ್ಟು ದಿನ ತಮ್ಮ ಹೆಬ್ಬೆರಳನ್ನು ನೋಡಿಕೊಳ್ಳುತ್ತ ಕೂರುತ್ತಾರೆ.

"ಏನಾತ್ರಿ ಇದು?" ಸಾವ್ಕಾರರು ಕೇಳಿದರು. "ಮಂದಿ ಮಾತು ಕೇಳಂಗಿಲ್ಲ ಅಂದಿದ್ರಿ."

ಕಾಕಾ ಓಣಿಯವರೆಲ್ಲರ ಎದುರಿಗೆ, ಆಗಷ್ಟೇ ಗೆದ್ದು ಕುಳಿತಿದ್ದ ಜಾಗದಲ್ಲೇ ನಿಂತು, ತಲೆ ತಗ್ಗಿಸಿದರು.

"ನಂದ ತಪ್ಪು. ಬೆಸುಗಿ ಸಡಿಲ ಬಿಟ್ಟಿದ್ದೆ. ಕಚ್ಚಾ ಕೆಲಸ. ಈ ಡಬ್ಬಿ ಇಲ್ಲಿ ಇರೂದು ಬ್ಯಾಡ್ರಿ." ತಾವೇ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಕಾಕುವಿನ ಕಡೆ ಕೈ ಚಾಚಿದರು. "ಆ ರಿಮೋಟ್ ಕೊಡಿಲ್ಲೆ. ಅದರ ಸೆಲ್ ಮುಗದಂಗ ಕಾಣತೈತಿ."

ಕಾಕು ಕೊಟ್ಟರು.

ಮನೆ ಮುಟ್ಟುವವರೆಗೂ ಆಟೋದಲ್ಲಿ ಕಾಕುವಿನ ಬೈಗುಳ ನಿಲ್ಲಲಿಲ್ಲ. "ಇಷ್ಟ ವಯಸ್ಸಾತು, ಒಂದು ಬೆಸುಗಿ ಹಾಕಾಕ ಬರಂಗಿಲ್ಲ. ಯಾರರ ಸತ್ತಿದ್ರ?"

"ಹೌದು," ಎಂದರು ಕಾಕಾ.

"ಊರ ಮುಂದ ಮಾನಾ ಕಳದ್ರಿ."

"ಹೌದು."

ಮರುದಿನವೇ ಕಾಕಾ ಮನೆಯ ಡಬ್ಬಿಗಳನ್ನೆಲ್ಲ ಬಿಚ್ಚಿ ಆ ವಿನಾಯಿತಿಯನ್ನು ಅಳಿಸಿದರು. ರಿಮೋಟಿಗೂ ವಿಳಾಸ ಹಾಕಿ, ಹೊಸ ಸೆಲ್ ಹಾಕಿದ್ದೇನೆ ಎಂದು ಹೇಳಿ ಹಿಂದಿರುಗಿಸಿದರು. ಕಾಕು ಮಾತ್ರ ಬೈಯುವುದನ್ನು ನಿಲ್ಲಿಸಲಿಲ್ಲ. ಹಾಲಿನವರಿಗೆ, ನೆರೆಯವರಿಗೆ, ಯಾರು ಬಂದರೂ ಅದೇ ಮಾತು, ನಮ್ಮ ಮನಿಯವರ ಬೆಸುಗಿ ಸಡಿಲ. ಗೇಟುಗಳಿಗೆ ಹೆಸರಿಟ್ಟ ಮನುಷ್ಯ ಎಲ್ಲವನ್ನೂ ಕೇಳಿಸಿಕೊಂಡು ಕೂಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹೋದ ರವಿವಾರ ಅವರ ಮಾಳಿಗೆಯ ಮೇಲೆ ಕಾಕುವಿನ ಜೊತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಾಗ ಹೇಳಿಯೇಬಿಟ್ಟೆ.

"ಸಾಕು ಬಿಡ್ರಿ ಕಾಕು. ಎಷ್ಟ ಅಂತೀರಿ? ಪಾಪ, ಅವರೂ ನೊಂದ್ಕೋತಾರ."

ಕಾಕು ತೊಟ್ಟು ಮುರಿಯುತ್ತಲೇ ಇದ್ದರು. ತಲೆ ಎತ್ತದೆ ಹೇಳಿದರು.

"ಆ ರಿಮೋಟಿಗೆ ಸೆಲ್ ನಾನ ಹಾಕಿದ್ದೆ. ಅಂಗಡಿಗೆ ಹೋಗೂ ಹಿಂದಿನ ದಿನಾ. ಹೊಸಾದು."

ನಾನು ತೊಟ್ಟನ್ನು ಬುಟ್ಟಿಗೆ ಹಾಕಿ ಕಾಯಿಯನ್ನು ಎಸೆದೆ.

"ಅವರು ಅದನ್ನ ಇಸಗೊಂಡಾಗ ತಿಳೀತು," ಎಂದರು ಕಾಕು. "ನನಗ ತಿಳದೈತಿ ಅಂತ ಅವರಿಗೆ ತಿಳೀಬಾರದು. ನಾ ಬಯ್ಯೂದ ಬಿಟ್ರ ತಿಳಿದುಬಿಡತೈತಿ."

ಕೆಳಗೆ ಅಂಗಳದಲ್ಲಿ ಕಾಕಾ ಯಾವುದೋ ವೈರು ಹಿಡಿದು ಗೇಟಿನ ಕಡೆಗೆ ಹೊರಟಿದ್ದರು. ಕಾಕು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಮಾಳಿಗೆಯ ಗಿಡ್ಡ ಗೋಡೆಗೆ ಎದೆಯೂರಿ ಬಾಗಿದರು.

"ರೀ, ಬೆಸುಗಿ ಘಟ್ಟಿ ಐತೇನ್ ನೋಡ್ರಿ ಮೊದಲ. ಮತ್ತ ಮಂದಿ ಜೀವಾ ತಗದೀರಿ."

"ನೋಡ್ತೇನಿ," ಎಂದರು ಕಾಕಾ.

ಅವರು ವೈರು ಸುತ್ತಿಕೊಂಡು ಒಳಗೆ ಹೋಗುವವರೆಗೆ ಕಾಕು ಗೋಡೆ ಬಿಟ್ಟು ಕದಲಲಿಲ್ಲ.